ಪ್ರಿಂಟರಿಗೆ ಕನ್ನಡ ಬರುವುದಿಲ್ಲವೇ?

"ಇದರಲ್ಲಿ ಕನ್ನಡ ಪ್ರಿಂಟ್ ಬರುವುದಿಲ್ಲ." ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದಲ್ಲಿ ಕಲಿಯುವವರು ನೀವಾದರೆ ಈ ಮಾತನ್ನು ಒಂದಲ್ಲ ಒಂದು ಸಲ ಕೇಳಿಯೇ ಇರುತ್ತೀರಿ. ಶಾಲೆಯ ಐಟಿ ಲ್ಯಾಬಿನಲ್ಲಿ ಕೇಳಿರಬಹುದು, ಪೇಟೆಯ ಅಂಗಡಿಯಲ್ಲಿ ಕೇಳಿರಬಹುದು. ಹೇಳುವವರು ಸುಳ್ಳು ಹೇಳುತ್ತಿಲ್ಲ. ಹಾಳೆಯ ಮೇಲೆ ಚೌಕಗಳು, ಪ್ರಶ್ನೆಚಿಹ್ನೆಗಳು, ಕಿತ್ತುಹೋದ ಒತ್ತಕ್ಷರಗಳು ಬಂದದ್ದು ಅವರ ಕಣ್ಣೆದುರೇ. ಆದರೆ ಕಾರಣವನ್ನು ಅವರು ಹುಡುಕುತ್ತಿರುವ ಜಾಗ ಸರಿಯಲ್ಲ. ಲ್ಯಾಬಿನ ಪ್ರಿಂಟರಿಗೆ ಕನ್ನಡ ಬರುವುದಿಲ್ಲ, ನಿಜ. ಅದಕ್ಕೆ ಮಲಯಾಳವೂ ಬರುವುದಿಲ್ಲ. ಅದರ ಕೈಗೆ ಬರುವಷ್ಟರಲ್ಲಿ ಎಲ್ಲ ಭಾಷೆಯೂ ಚುಕ್ಕಿಗಳಾಗಿರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಎ4 ಹಾಳೆಯ ಅಳತೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಅಂದರೆ ಸುಮಾರು 8.27 ಇಂಚು ಮತ್ತು 11.69 ಇಂಚು. ಒಂದು ಇಂಚಿನಲ್ಲಿ 600 ಚುಕ್ಕಿ ಇಡಬಲ್ಲ ಪ್ರಿಂಟರ್ ಆದರೆ ಅಡ್ಡಕ್ಕೆ ಸುಮಾರು 4960, ಉದ್ದಕ್ಕೆ ಸುಮಾರು 7016. ಗುಣಿಸಿ: 3 ಕೋಟಿ 48 ಲಕ್ಷ ಚುಕ್ಕಿಗಳ ಜಾಗ! ಒಂದೊಂದು ಜಾಗದಲ್ಲೂ ಕಪ್ಪು ಇಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ, ಅಂದರೆ ಒಂದು ಬಿಟ್. ಎಂಟರಿಂದ ಭಾಗಿಸಿದರೆ ಸುಮಾರು 43 ಲಕ್ಷ 50 ಸಾವಿರ ಬೈಟ್. ನೀವು ಟೈಪ್ ಮಾಡಿದ ಒಂದು ಪುಟದ ಅಕ್ಷರಗಳು ಕೆಲವೇ ಸಾವಿರ ಬೈಟ್ ಇರುತ್ತವೆ. ಆ ಕೆಲವು ಸಾವಿರ ಬೈಟಿನಿಂದ ಈ ಮೂರೂವರೆ ಕೋಟಿ ಹೌದು-ಇಲ್ಲಗಳನ್ನು ಯಾರೋ ತಯಾರಿಸಬೇಕಲ್ಲ? ಅದು ಯಾರು, ಎಲ್ಲಿ, ಹೇಗೆ ಎಂದು ತಿಳಿದರೆ ಪ್ರಿಂಟರ್ ಕೆಟ್ಟಾಗ ಎಲ್ಲಿ ಕೈ ಹಾಕಬೇಕು ಎಂಬುದೂ ತಿಳಿಯುತ್ತದೆ.

(ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಒಳಗೆ ಇಂಗ್ಲಿಷ್ ಅಕ್ಷರಗಳ ಅಚ್ಚು ಮೊದಲೇ ಇರುತ್ತಿತ್ತು. ಕಂಪ್ಯೂಟರ್ 'ಎ' ಎಂದು ಹೇಳಿದರೆ ಸಾಕು, ಅದೇ ಬರೆಯುತ್ತಿತ್ತು. ಕನ್ನಡದ ಅಚ್ಚು ಇರಲಿಲ್ಲ. "ಇದರಲ್ಲಿ ಕನ್ನಡ ಬರುವುದಿಲ್ಲ" ಎಂಬ ಮಾತು ಆಗ ಸರಿಯಾಗಿಯೇ ಇತ್ತು. ಕಾಲ ಹೋಯಿತು, ಮಾತು ಉಳಿಯಿತು.)

ಪ್ರಿಂಟ್ ಒತ್ತಿದ ಮೇಲೆ

ಕೇರಳದ ಶಾಲೆಗಳಲ್ಲಿ ಓದುವ ನಮಗೆ ಒಂದು ಅನುಕೂಲ ಇದೆ. ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿರುವುದು ಗ್ನು/ಲಿನಕ್ಸ್. ಹಿಂದೆ ಐಟಿ ಅಟ್ ಸ್ಕೂಲ್ ಎಂದು ಕರೆಯುತ್ತಿದ್ದ, 2017ರಿಂದ ಕೈಟ್ ಎಂಬ ಹೆಸರಿನಲ್ಲಿರುವ ಸಂಸ್ಥೆ ಉಬುಂಟುವನ್ನು ನಮ್ಮ ಪಾಠಗಳಿಗೆ ಹೊಂದಿಸಿ ಕೊಡುತ್ತದೆ. ಇದರಲ್ಲಿ ಮುದ್ರಣದ ಪ್ರತಿಯೊಂದು ಹಂತವನ್ನೂ ತೆರೆದು ನೋಡಬಹುದು. ಬೇರೆ ಕಡೆ ಮುಚ್ಚಿದ ಡಬ್ಬಿಯೊಳಗೆ ನಡೆಯುವುದು ಇಲ್ಲಿ ಗಾಜಿನ ಡಬ್ಬಿಯೊಳಗೆ ನಡೆಯುತ್ತದೆ.

ಲಿಬ್ರೆಆಫೀಸಿನಲ್ಲಿ ನೀವು ಪ್ರಿಂಟ್ ಒತ್ತಿದಿರಿ ಎನ್ನಿ. ಮೊದಲು ಲಿಬ್ರೆಆಫೀಸ್ ನಿಮ್ಮ ಪುಟವನ್ನು ಪಿಡಿಎಫ್ ಆಗಿ ಬರೆಯುತ್ತದೆ. ಯಾವ ಅಕ್ಷರದ ಆಕಾರ ಹಾಳೆಯ ಮೇಲೆ ಎಲ್ಲಿ ಕೂರಬೇಕು ಎಂಬುದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಆ ಪಿಡಿಎಫ್ ಹೋಗಿ ಸೇರುವುದು ಕಪ್ಸ್ ಎಂಬ ಸಾಫ್ಟ್‌ವೇರಿನ ಕೈಗೆ. ಇದು ನಿಮ್ಮ ಪರದೆಯ ಮೇಲೆ ಎಲ್ಲೂ ಕಾಣಿಸದೆ, ಕಂಪ್ಯೂಟರ್ ಆನ್ ಆದಾಗಿನಿಂದ ಹಿಂದೆ ಕುಳಿತು ಕೆಲಸ ಮಾಡುತ್ತಿರುತ್ತದೆ. ಮೈಕಲ್ ಸ್ವೀಟ್ ಎಂಬವರು 1997ರಲ್ಲಿ ಇದನ್ನು ಬರೆಯಲು ತೊಡಗಿದರು, 1999ರಲ್ಲಿ ಅದು ಹೊರಬಂತು. 2002ರಲ್ಲಿ ಆಪಲ್ ಕಂಪೆನಿ ತನ್ನ ಮ್ಯಾಕ್ ಕಂಪ್ಯೂಟರುಗಳಿಗೂ ಇದನ್ನೇ ತೆಗೆದುಕೊಂಡಿತು. ಲಕ್ಷ ರೂಪಾಯಿಯ ಮ್ಯಾಕಿನಲ್ಲೂ ನಮ್ಮ ಲ್ಯಾಬಿನ ಹಳೆಯ ಲ್ಯಾಪ್‌ಟಾಪಿನಲ್ಲೂ ಪ್ರಿಂಟಿನ ಹಿಂದೆ ಇರುವುದು ಒಂದೇ ಮನೆತನದ ಸಾಫ್ಟ್‌ವೇರ್.

ಕಪ್ಸ್ ಮಾಡುವ ಮೊದಲ ಕೆಲಸ ಸಾಲು ನಿಲ್ಲಿಸುವುದು. ರೇಷನ್ ಅಂಗಡಿಯ ಸಾಲಿನ ಹಾಗೆಯೇ. ಬಂದ ಕೆಲಸಕ್ಕೆ ಒಂದು ನಂಬರ್ ಕೊಟ್ಟು ನಿಲ್ಲಿಸುತ್ತದೆ. ಆಮೇಲೆ ಫಿಲ್ಟರ್ ಎಂಬ ಸಣ್ಣ ಸಣ್ಣ ಪ್ರೋಗ್ರಾಮುಗಳು ಒಂದರ ಕೈಯಿಂದ ಒಂದಕ್ಕೆ ದಾಟಿಸುತ್ತಾ ಆ ಪಿಡಿಎಫನ್ನು ಚುಕ್ಕಿಗಳಾಗಿ ಮಾಡುತ್ತವೆ. ಕೊನೆಯಲ್ಲಿ ಆ ಚುಕ್ಕಿಗಳನ್ನು ನಿಮ್ಮ ಪ್ರಿಂಟರಿಗೆ ಅರ್ಥವಾಗುವ ಕ್ರಮದಲ್ಲಿ ಜೋಡಿಸಬೇಕು. ಅದಕ್ಕೆ ಬೇಕಾಗುವುದೇ ಡ್ರೈವರ್. ಅದಾದ ಮೇಲೆ ಯುಎಸ್‌ಬಿ ವಯರಿನಲ್ಲೋ ನೆಟ್‌ವರ್ಕಿನಲ್ಲೋ ಸಾಗಿಸುವ ಕೆಲಸ ಇನ್ನೊಂದು ಪ್ರೋಗ್ರಾಮಿನದು. (ಕೆಲವು ದೊಡ್ಡ ಪ್ರಿಂಟರುಗಳು ಪಿಡಿಎಫನ್ನೋ ಪೋಸ್ಟ್‌ಸ್ಕ್ರಿಪ್ಟನ್ನೋ ಹಾಗೆಯೇ ತೆಗೆದುಕೊಂಡು ಚುಕ್ಕಿ ಮಾಡುವ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ಶಾಲೆಗಳಿಗೆ ಬರುವ ಅಗ್ಗದ ಪ್ರಿಂಟರುಗಳಲ್ಲಿ ಹೆಚ್ಚಿನವು ಹಾಗಲ್ಲ.)

ಈ ದಾರಿಯನ್ನು ತೋಟದ ಪೈಪಿನ ಹಾಗೆ ಯೋಚಿಸಿ. ಅಡಿಕೆ ತೋಟದ ಕೊನೆಯ ಸ್ಪ್ರಿಂಕ್ಲರಿಗೆ ನೀರು ಬರಲಿಲ್ಲ ಅಂದರೆ ಮನೆಯ ದೊಡ್ಡವರು ಪಂಪನ್ನು ಬಿಚ್ಚಲು ಹೋಗುವುದಿಲ್ಲ. ನಡುವಿನ ವಾಲ್ವಿನ ಹತ್ತಿರ ಹೋಗಿ ನೋಡುತ್ತಾರೆ. ಅಲ್ಲಿಯವರೆಗೆ ನೀರಿದ್ದರೆ ತೊಂದರೆ ಮುಂದೆ, ಇಲ್ಲದಿದ್ದರೆ ಹಿಂದೆ. ಪ್ರಿಂಟರಿನ ವಿಷಯದಲ್ಲೂ ಅಂಥ ಎರಡು ವಾಲ್ವುಗಳಿವೆ.

ಒಂದು: ಪ್ರಿಂಟ್ ಮಾಡುವ ಬದಲು ಪಿಡಿಎಫ್ ಆಗಿ ಉಳಿಸಿ, ಅದನ್ನು ತೆರೆದು ನೋಡಿ. ಅಕ್ಷರ ಅಲ್ಲಿಯೇ ಕಿತ್ತುಹೋಗಿದ್ದರೆ ಪ್ರಿಂಟರನ್ನು ಮುಟ್ಟಬೇಡಿ, ಅದು ನಿರಪರಾಧಿ. ಎರಡು: ಕಪ್ಸಿನ ಪರೀಕ್ಷಾ ಪುಟವನ್ನು ಪ್ರಿಂಟ್ ಮಾಡಿ. ಅದು ಚೆನ್ನಾಗಿ ಬಂದರೆ ಡ್ರೈವರ್, ವಯರು, ಟೋನರ್ ಎಲ್ಲ ಸರಿಯಿದೆ ಎಂದಾಯಿತು. ತೊಂದರೆ ನಿಮ್ಮ ಫೈಲಿನದು. ಅದೂ ಬಾರದಿದ್ದರೆ ಕನ್ನಡಕ್ಕೂ ಈ ತೊಂದರೆಗೂ ಸಂಬಂಧವೇ ಇಲ್ಲ. ಆ ಹೊತ್ತಿಗೆ ಮಲಯಾಳ ವಿಭಾಗದವರ ಪ್ರಿಂಟೂ ಬರುವುದಿಲ್ಲ, ಬೇಕಾದರೆ ಕೇಳಿ ನೋಡಿ.

ಪ್ರಿಂಟರನ್ನು ಸೇರಿಸುವುದು

ಈಗಿನ ಉಬುಂಟುವಿನಲ್ಲಿ ಹೊಸ ಪ್ರಿಂಟರ್ ಸೇರಿಸುವುದು ಹೆಚ್ಚಿನ ಸಲ ಏನೂ ಕಷ್ಟವಿಲ್ಲ. ವಯರು ಸಿಕ್ಕಿಸಿ, ಪ್ರಿಂಟರ್ ಆನ್ ಮಾಡಿ, ಸೆಟ್ಟಿಂಗ್ಸ್ ತೆರೆದು ಪ್ರಿಂಟರ್ಸ್ ಎಂಬಲ್ಲಿಗೆ ಹೋದರೆ ಅದರ ಹೆಸರು ಆಗಲೇ ಬಂದು ಕುಳಿತಿರುತ್ತದೆ. ಬಾರದಿದ್ದರೆ ಆ್ಯಡ್ ಪ್ರಿಂಟರ್ ಒತ್ತಿ ಹುಡುಕಬೇಕು. ಪಾಸ್‌ವರ್ಡ್ ಕೇಳುತ್ತದೆ. ಅದು ಎಸ್‌ಐಟಿಸಿ ಸರ್ ಅಥವಾ ಟೀಚರ ಹತ್ತಿರ ಇರುತ್ತದೆ. ನೀವು ಲಿಟಲ್ ಕೈಟ್ಸ್‌ನಲ್ಲಿದ್ದರೂ ಅವರನ್ನು ಕರೆದೇ ಮುಂದುವರಿಯಿರಿ.

ಪಟ್ಟಿಯಲ್ಲಿ ಏನೂ ಕಾಣದಿದ್ದರೆ ಟರ್ಮಿನಲ್ ತೆರೆದು 'ಎಲ್‌ಎಸ್‌ಯುಎಸ್‌ಬಿ' ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸದೆ, ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಯುಎಸ್‌ಬಿಯಲ್ಲಿ ಸಿಕ್ಕಿಸಿರುವ ಎಲ್ಲದರ ಪಟ್ಟಿ ಬರುತ್ತದೆ. ಅದರಲ್ಲಿ ಪ್ರಿಂಟರ್ ತಯಾರಿಸಿದ ಕಂಪೆನಿಯ ಹೆಸರು ಕಾಣದಿದ್ದರೆ ಕಂಪ್ಯೂಟರಿಗೆ ಅದು ಕಂಡೇ ಇಲ್ಲ. ವಯರು ಬದಲಾಯಿಸಿ, ಬೇರೆ ತೂತಿಗೆ ಸಿಕ್ಕಿಸಿ, ಪ್ರಿಂಟರಿನ ಸ್ವಿಚ್ ನೋಡಿ. ಡ್ರೈವರ್ ಹುಡುಕುತ್ತಾ ಅರ್ಧ ದಿನ ಕಳೆಯುವವರನ್ನು ನೋಡಿದ್ದೇನೆ. ಕೊನೆಗೆ ಸಿಕ್ಕಿದ್ದು ಇಲಿ ಕಡಿದ ವಯರು.

ಇನ್ನೊಂದು ಬಾಗಿಲು ಇದೆ, ನನಗೆ ಅದೇ ಹೆಚ್ಚು ಇಷ್ಟ. ಬ್ರೌಸರ್ ತೆರೆದು ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಲೋಕಲ್‌ಹೋಸ್ಟ್' ಎಂದು ಬರೆದು, ಜಾಗ ಬಿಡದೆ ಒಂದು ಕೋಲನ್ ಹಾಕಿ, 631 ಎಂದು ಬರೆಯಿರಿ. ಕಪ್ಸಿನ ಸ್ವಂತ ಪುಟ ತೆರೆದುಕೊಳ್ಳುತ್ತದೆ. ಬ್ರೌಸರಿನಲ್ಲಿ ಕಂಡರೂ ಇದಕ್ಕೆ ಇಂಟರ್‌ನೆಟ್ ಬೇಡ. ಲೋಕಲ್‌ಹೋಸ್ಟ್ ಅಂದರೆ ನೀವು ಕುಳಿತಿರುವ ಕಂಪ್ಯೂಟರೇ. ಪ್ರಿಂಟರ್ ಸೇರಿಸುವುದು, ತೆಗೆಯುವುದು, ಪರೀಕ್ಷಾ ಪುಟ, ಸಾಲಿನಲ್ಲಿರುವ ಕೆಲಸಗಳು ಎಲ್ಲವೂ ಅಲ್ಲಿದೆ.

ಹೆಸರು ಕೊಡುವಾಗ ಸ್ವಲ್ಪ ಯೋಚಿಸಿ. ಕಪ್ಸ್ ಕೊಡುವ ಸಾಲಿನ ಹೆಸರಿನಲ್ಲಿ ಖಾಲಿ ಜಾಗ, ಓರೆಗೆರೆ, ಹ್ಯಾಶ್ ಗುರುತು ಇರಬಾರದು. ಅದನ್ನು ಚಿಕ್ಕ ಇಂಗ್ಲಿಷ್ ಹೆಸರಾಗಿಯೇ ಇಡುವುದು ಒಳ್ಳೆಯದು. ಅದರ ಕೆಳಗೆ ವಿವರಣೆ, ಸ್ಥಳ ಎಂದು ಎರಡು ಜಾಗ ಇರುತ್ತದೆ. ಅಲ್ಲಿ ಕನ್ನಡದಲ್ಲಿ ಧಾರಾಳ ಬರೆಯಬಹುದು: 'ಕೆಳಗಿನ ಲ್ಯಾಬ್, ಕಿಟಕಿಯ ಹತ್ತಿರದ ಪ್ರಿಂಟರ್'. ಒಂದೇ ಪ್ರಿಂಟರಿಗೆ ಎರಡು ಸಾಲು ಮಾಡಿಕೊಳ್ಳಲೂ ಬರುತ್ತದೆ. ಒಂದಕ್ಕೆ ಎರಡೂ ಬದಿ, ತೆಳು ಶಾಯಿ ಎಂದು ಹೊಂದಿಸಿಡಿ, ಕರಡು ಪ್ರತಿಗಳಿಗೆ. ಇನ್ನೊಂದಕ್ಕೆ ಒಳ್ಳೆಯ ಗುಣಮಟ್ಟ. ಪ್ರತಿ ಸಲ ಆಯ್ಕೆ ಬದಲಾಯಿಸುವ ತಾಪತ್ರಯ ತಪ್ಪುತ್ತದೆ, ಟೋನರೂ ಉಳಿಯುತ್ತದೆ.

ಸೇರಿಸಿದ ಕೂಡಲೇ ಹಾಳೆಯ ಅಳತೆ ನೋಡಿ. ಅಮೆರಿಕದಲ್ಲಿ ಬಳಸುವ ಲೆಟರ್ ಹಾಳೆ 216 ಮಿಲಿಮೀಟರ್ ಅಗಲ, 279 ಮಿಲಿಮೀಟರ್ ಉದ್ದ. ನಮ್ಮದು ಎ4. ಕಂಪ್ಯೂಟರ್ 'ಲೆಟರ್' ಎಂದುಕೊಂಡು ಕಳಿಸಿದರೆ, ಟ್ರೇ ತುಂಬ ಕಾಗದ ಇದ್ದರೂ ಕೆಲವು ಪ್ರಿಂಟರುಗಳು ಕಾಗದ ಹಾಕು ಎಂದು ದೀಪ ಮಿನುಗಿಸುತ್ತಾ ಕೂರುತ್ತವೆ. ಅದಕ್ಕೆ ಬೇಕಾದ ಕಾಗದ ಭಾರತದ ಯಾವ ಅಂಗಡಿಯಲ್ಲೂ ಸುಲಭವಾಗಿ ಸಿಗುವುದಿಲ್ಲ, ಪಾಪ.

ಡ್ರೈವರಿನ ತಕರಾರು

ಲಿನಕ್ಸಿನಲ್ಲಿ ಪ್ರಿಂಟರ್ ಕಷ್ಟ ಎಂಬ ಮಾತು ಹುಟ್ಟಿದ್ದು ಇಲ್ಲಿ. ಅಗ್ಗದ ಪ್ರಿಂಟರುಗಳ ಒಳಗೆ ಬುದ್ಧಿ ಕಡಿಮೆ ಇಡುತ್ತಾರೆ, ಕೆಲಸವನ್ನೆಲ್ಲ ಕಂಪ್ಯೂಟರಿನಿಂದ ಮಾಡಿಸುತ್ತಾರೆ. ಆ ಚುಕ್ಕಿಗಳನ್ನು ಯಾವ ಕ್ರಮದಲ್ಲಿ ಕಳಿಸಬೇಕು ಎಂಬುದನ್ನು ಕಂಪೆನಿ ಗುಟ್ಟಾಗಿ ಇಟ್ಟರೆ ಬೇರೆಯವರು ಡ್ರೈವರ್ ಬರೆಯಲು ತಿಣುಕಬೇಕಾಗುತ್ತದೆ. ಎಚ್‌ಪಿ ಕಂಪೆನಿ ಎಚ್‌ಪಿಲಿಪ್ ಎಂಬ ಡ್ರೈವರ್ ಕಟ್ಟನ್ನು ಲಿನಕ್ಸಿಗಾಗಿ ಕೊಡುತ್ತದೆ. ಆದರೂ ಅದರ ಕೆಲವು ಮಾದರಿಗಳಿಗೆ ಪ್ಲಗಿನ್ ಎಂಬ ಇನ್ನೊಂದು ಮುಚ್ಚಿದ ತುಂಡನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಲೇಸರ್‌ಜೆಟ್ 1020 ಅಂಥದ್ದು. ಅದರ ಒಳಗೆ ಅದರದೇ ಸಾಫ್ಟ್‌ವೇರ್ ಶಾಶ್ವತವಾಗಿ ಉಳಿಯುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಅದನ್ನು ಮೊದಲಿನಿಂದ ತುಂಬಿಸಬೇಕು. ಕರೆಂಟು ಹೋಗಿ ಬಂದರೆ ಎಲ್ಲವನ್ನೂ ಮರೆತುಬಿಟ್ಟಿರುತ್ತದೆ. ನಿನ್ನೆ ಪ್ರಿಂಟ್ ಕೊಟ್ಟ ಪ್ರಿಂಟರ್ ಇವತ್ತು ಸುಮ್ಮನೆ ಕೂತಿದೆ ಅಂದರೆ, ಮೊದಲು ಕಂಪ್ಯೂಟರ್ ಆನ್ ಮಾಡಿ, ಆಮೇಲೆ ಪ್ರಿಂಟರನ್ನು ಆರಿಸಿ ಮತ್ತೆ ಆನ್ ಮಾಡಿ ನೋಡಿ.

ಹೊಸ ಪ್ರಿಂಟರುಗಳಲ್ಲಿ ಈ ಗೋಳು ಕಡಿಮೆಯಾಗಿದೆ. ಮೊಬೈಲ್ ಫೋನಿನಿಂದ ನೇರವಾಗಿ ಪ್ರಿಂಟ್ ಕೊಡಬಲ್ಲ ಪ್ರಿಂಟರ್ ಎಂದರೆ, ಅದು ಬೇರೆ ಡ್ರೈವರ್ ಬೇಡದೆ, ಎಲ್ಲರಿಗೂ ಗೊತ್ತಿರುವ ಒಂದು ಸಾಮಾನ್ಯ ಭಾಷೆಯಲ್ಲಿ ಮಾತಾಡಬಲ್ಲದು ಎಂದರ್ಥ. ಅದರ ಹೆಸರು ಐಪಿಪಿ. ಕಪ್ಸ್ ಆ ಭಾಷೆಯಲ್ಲೇ ಹುಟ್ಟಿ ಬೆಳೆದದ್ದು; 631 ಎಂಬುದು ಐಪಿಪಿಯ ಬಾಗಿಲಿನ ನಂಬರೇ. ಶಾಲೆಗೆ ಹೊಸ ಪ್ರಿಂಟರ್ ತರುವ ಮಾತು ಬಂದರೆ ಪಿಟಿಎ ಸಭೆಯಲ್ಲಿ ನಿಮ್ಮ ಅಪ್ಪನೋ ಅಮ್ಮನೋ ಈ ಒಂದು ಪ್ರಶ್ನೆ ಕೇಳಲಿ: ಡ್ರೈವರ್ ಇಲ್ಲದೆ ಲಿನಕ್ಸಿನಲ್ಲಿ ನಡೆಯುತ್ತದೆಯೇ? ಐನೂರು ರೂಪಾಯಿ ಕಡಿಮೆ ಎಂದು ತಂದ ಪ್ರಿಂಟರ್ ಐದು ವರ್ಷ ಬಟ್ಟೆ ಹೊದ್ದು ಕೂರುವುದು ಬೇಡ.

ತಪ್ಪು ಡ್ರೈವರ್ ಆರಿಸಿದರೆ ಏನಾಗುತ್ತದೆ ಗೊತ್ತೇ? ಒಂದೊಂದು ಹಾಳೆಯಲ್ಲಿ ಒಂದೊಂದು ಸಾಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತಾ ಟ್ರೇ ಖಾಲಿಯಾಗುವವರೆಗೂ ನಿಲ್ಲುವುದಿಲ್ಲ. ಗಾಬರಿಯಲ್ಲಿ ಎಲ್ಲರೂ ಮಾಡುವುದು ಪ್ರಿಂಟರಿನ ಸ್ವಿಚ್ ಆರಿಸುವುದು. ಮತ್ತೆ ಆನ್ ಮಾಡಿದರೆ ಪುನಃ ಅದೇ ಕಥೆ, ಯಾಕೆಂದರೆ ಕೆಲಸ ಇರುವುದು ಪ್ರಿಂಟರಿನಲ್ಲಲ್ಲ, ಕಪ್ಸಿನ ಸಾಲಿನಲ್ಲಿ. ಮೊದಲು ಟ್ರೇಯಿಂದ ಕಾಗದ ಎಳೆದುಕೊಳ್ಳಿ, ಸಾಲಿನಲ್ಲಿರುವ ಕೆಲಸವನ್ನು ರದ್ದು ಮಾಡಿ, ಆಮೇಲೆ ಪ್ರಿಂಟರನ್ನು ಆರಿಸಿ.

ಒಂದು ಹಳೆಯ ಜಗಳ

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಕಥೆ ಹೇಳಬೇಕು, ಯಾಕೆಂದರೆ ನಿಮ್ಮ ಲ್ಯಾಬಿನ ಗ್ನು/ಲಿನಕ್ಸ್ ಇರುವುದರ ಹಿಂದೆ ಒಂದು ಪ್ರಿಂಟರ್ ಇದೆ. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಕೆಲಸ ಮಾಡುತ್ತಿದ್ದರು. ಅಲ್ಲಿದ್ದ ಹಳೆಯ ಪ್ರಿಂಟರಿನ ಸಾಫ್ಟ್‌ವೇರನ್ನು ಅವರು ತಿದ್ದಿದ್ದರು. ಕಾಗದ ಸಿಕ್ಕಿಹಾಕಿಕೊಂಡರೆ, ಪ್ರಿಂಟಿಗಾಗಿ ಕಾಯುತ್ತಿರುವ ಎಲ್ಲರ ಪರದೆಗೂ ಒಂದು ಸಂದೇಶ ಹೋಗುತ್ತಿತ್ತು. ಯಾರಾದರೂ ಒಬ್ಬರು ಎದ್ದು ಹೋಗಿ ಸರಿಮಾಡುತ್ತಿದ್ದರು. 1980ರ ಸುಮಾರಿಗೆ ಝೆರಾಕ್ಸ್ ಕಂಪೆನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದು ಇದ್ದದ್ದು ಬೇರೆ ಮಹಡಿಯಲ್ಲಿ. ಅದಕ್ಕೂ ಅದೇ ತಿದ್ದುಪಡಿ ಮಾಡೋಣ ಎಂದರೆ ಸಾಫ್ಟ್‌ವೇರಿನ ಮೂಲ ಬರಹ ಸಿಗಲಿಲ್ಲ. ಅದು ಯಾರ ಹತ್ತಿರ ಇತ್ತೋ ಅವರು ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಆ ಸಿಟ್ಟು ಅವರಲ್ಲಿ ಉಳಿಯಿತು. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನು ಯೋಜನೆಯನ್ನು ಘೋಷಿಸಿದರು: ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಸಾಫ್ಟ್‌ವೇರ್. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಅದರ ಜತೆ ಸೇರಿತು. ಈಗ ನಿಮ್ಮ ಪರದೆಯ ಮೂಲೆಯಲ್ಲಿ 'ಕಾಗದ ಮುಗಿದಿದೆ' ಎಂದು ಚೀಟಿ ಮೂಡುತ್ತದಲ್ಲ, ಸ್ಟಾಲ್‌ಮನ್ ಬೇಕೆಂದು ಹಟ ಹಿಡಿದದ್ದು ಅಂಥದ್ದಕ್ಕೇ.

ಸಾಲು ನಿಂತಾಗ

ನಮ್ಮ ಲ್ಯಾಬುಗಳಲ್ಲಿ ಅತಿ ಹೆಚ್ಚು ಆಗುವ ತೊಂದರೆ ಡ್ರೈವರಿನದಲ್ಲ, ನಿಂತ ಸಾಲಿನದು. ಮಳೆಗಾಲದಲ್ಲಿ ಪ್ರಿಂಟ್ ಆಗುತ್ತಿರುವಾಗಲೇ ಕರೆಂಟು ಹೋಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯುತ್ತದೆ, ಪ್ರಿಂಟರ್ ಆರುತ್ತದೆ. ಪ್ರಿಂಟರ್ ಸಿಗದೆ ಹೋದ ಕಪ್ಸ್ ಆ ಸಾಲಿಗೆ 'ನಿಲ್ಲಿಸಿದೆ' ಎಂಬ ಗುರುತು ಹಾಕಿಬಿಡುವುದುಂಟು. ಕರೆಂಟು ಬಂದ ಮೇಲೂ ಆ ಗುರುತು ತಾನಾಗಿ ಹೋಗಬೇಕೆಂದಿಲ್ಲ. ಆಗ ಏನು ಮಾಡುತ್ತೀರಿ? ಪ್ರಿಂಟ್ ಒತ್ತುತ್ತೀರಿ, ಬರುವುದಿಲ್ಲ. ಇನ್ನೊಮ್ಮೆ ಒತ್ತುತ್ತೀರಿ. ಪಕ್ಕದವಳೂ ಒತ್ತುತ್ತಾಳೆ. ಸಂಜೆ ಯಾರೋ ಸಾಲನ್ನು ಬಿಡಿಸಿದಾಗ ನಲುವತ್ತು ಪ್ರತಿ ಒಟ್ಟಿಗೆ ಹೊರಬರುತ್ತದೆ.

ಒತ್ತುವ ಮೊದಲು ಕೇಳಿ ನೋಡಬಹುದು. ಟರ್ಮಿನಲ್ಲಿನಲ್ಲಿ ಎಲ್, ಪಿ, ಎಸ್, ಟಿ, ಎ, ಟಿ ಎಂಬ ಆರು ಅಕ್ಷರಗಳನ್ನು ಒಂದೇ ಪದವಾಗಿ ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ ಮತ್ತು ಟಿ ಹಾಕಿ. ಕಪ್ಸ್ ಎಚ್ಚರ ಇದೆಯೇ, ಯಾವ ಪ್ರಿಂಟರ್ ಯಾವ ದಾರಿಯಲ್ಲಿದೆ, ಅದು ಕೆಲಸಕ್ಕೆ ಸಿದ್ಧವೇ ನಿಂತಿದೆಯೇ, ಸಾಲಿನಲ್ಲಿ ಯಾರ ಕೆಲಸ ಇದೆ ಎಂಬುದೆಲ್ಲ ಬರುತ್ತದೆ. 'ಡಿಸೇಬಲ್ಡ್' ಎಂಬ ಪದ ಕಂಡರೆ ಸಾಲು ನಿಂತಿದೆ. ಸೆಟ್ಟಿಂಗ್ಸ್‌ನಲ್ಲೋ 631ರ ಪುಟದಲ್ಲೋ ರೆಸ್ಯೂಮ್ ಮಾಡಿದರೆ ಹೊರಡುತ್ತದೆ. ಆದರೆ ಅದಕ್ಕೆ ಮೊದಲು ಹೆಚ್ಚಾದ ಪ್ರತಿಗಳನ್ನು ತೆಗೆಯಬೇಕಲ್ಲ? 'ಕ್ಯಾನ್ಸೆಲ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಎ. ಸಾಲಿನಲ್ಲಿರುವ ಕೆಲಸಗಳೆಲ್ಲ ಒಮ್ಮೆಗೇ ರದ್ದು.

ಸಾಲಿನಲ್ಲಿ ಮುಂದೆ ಹೋಗುವ ದಾರಿಯೂ ಇದೆ. ಪ್ರತಿ ಕೆಲಸಕ್ಕೆ 1ರಿಂದ 100ರವರೆಗೆ ಆದ್ಯತೆಯ ಅಂಕ ಕೊಡಬಹುದು; ಏನೂ ಹೇಳದಿದ್ದರೆ 50. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಗೆ 100 ಕೊಟ್ಟರೆ ಅದು ಮುಂದೆ ನಿಲ್ಲುತ್ತದೆ. ಇದನ್ನು ನಿಮ್ಮ ಕ್ರಿಕೆಟ್ ತಂಡದ ಫೋಟೋಕ್ಕೆ ಬಳಸಬೇಡಿ ಎಂದು ಬೇರೆ ಹೇಳಬೇಕೇ?

ಮಳೆಗಾಲದ ಇನ್ನೊಂದು ಶತ್ರು ತೇವ. ಕಾಗದದ ನಾರು ಗಾಳಿಯಲ್ಲಿರುವ ನೀರಿನ ಆವಿಯನ್ನು ಹೀರುತ್ತದೆ. ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿ ಕಾಗದಕ್ಕೆ ಹಾರುವುದು ಸ್ಥಾಯೀ ವಿದ್ಯುತ್ತಿನ ಆಕರ್ಷಣೆಯಿಂದ. ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರನ್ನು ಎತ್ತುವ ಪ್ರಯೋಗ ಮಾಡಿದ್ದೀರಲ್ಲ? ಜುಲೈ ತಿಂಗಳಲ್ಲಿ ಅದು ಸರಿಯಾಗಿ ನಡೆಯುವುದಿಲ್ಲ. ಒದ್ದೆ ಕಾಗದದಲ್ಲಿ ವಿದ್ಯುದಾವೇಶ ನಿಲ್ಲದೆ ಸೋರಿಹೋಗುತ್ತದೆ, ಟೋನರ್ ಅಲ್ಲಲ್ಲಿ ತೆಳುವಾಗುತ್ತದೆ. ಆಮೇಲೆ ಬಿಸಿ ಉರುಳೆಯ ನಡುವೆ ಹಾದುಹೋಗುವಾಗ ಆ ನೀರು ಆವಿಯಾಗಿ ಹಾಳೆ ಸುರುಳಿ ಸುತ್ತಿಕೊಳ್ಳುತ್ತದೆ, ಒಳಗೇ ಸಿಕ್ಕಿಕೊಳ್ಳುತ್ತದೆ. ಕಾಗದದ ಕಟ್ಟನ್ನು ಬಿಚ್ಚಿ ಟ್ರೇಯಲ್ಲಿ ವಾರಗಟ್ಟಲೆ ಬಿಡಬೇಡಿ. ಬೇಕಾದಷ್ಟು ತೆಗೆದು ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ, ಮನೆಯಲ್ಲಿ ಹಪ್ಪಳ ಇಡುವ ಹಾಗೆ.

ಕನ್ನಡ ಕಿತ್ತುಹೋಗುವುದು ಎಲ್ಲಿ

ಈಗ ಮೊದಲಿನ ಮಾತಿಗೆ ಬರೋಣ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರಿನೊಳಗೆ ಅದು ಆರು: ಸ, ವಿರಾಮ ಚಿಹ್ನೆ, ತ, ಪುನಃ ವಿರಾಮ ಚಿಹ್ನೆ, ರ, ದೀರ್ಘ ಈಕಾರ. ಈ ಆರನ್ನೂ ನೋಡಿ, ಯಾವುದನ್ನು ಕೆಳಗೆ ಒತ್ತಾಗಿಸಬೇಕು, ಈಕಾರ ಎಲ್ಲಿ ಸೇರಬೇಕು ಎಂದು ತೀರ್ಮಾನಿಸುವ ಕೆಲಸ ಬೇರೆಯೇ ಒಂದು ಪ್ರೋಗ್ರಾಮಿನದು. ಲಿಬ್ರೆಆಫೀಸಿನಲ್ಲಿ ಅದನ್ನು ಮಾಡುವುದು ಹಾರ್ಫ್‌ಬಝ್. ಯಕ್ಷಗಾನದ ಚೌಕಿ ಇದ್ದ ಹಾಗೆ. ಬಣ್ಣ, ಕಿರೀಟ, ಗೆಜ್ಜೆ ಎಲ್ಲ ಚೌಕಿಯಲ್ಲಿ ಆಗಬೇಕು. ರಂಗಸ್ಥಳಕ್ಕೆ ಬರುವುದು ವೇಷ ಮಾತ್ರ. ಪ್ರಿಂಟರ್ ರಂಗಸ್ಥಳ. ಅರ್ಧ ವೇಷ ಹಾಕಿದವರನ್ನು ಕಳಿಸಿದರೆ ಅರ್ಧ ವೇಷವೇ ಕಾಣುತ್ತದೆ, ಅದಕ್ಕೆ ರಂಗಸ್ಥಳವನ್ನು ಬೈದು ಪ್ರಯೋಜನವಿಲ್ಲ.

ಹಾಗಾದರೆ ಚೌಕಿ ತಪ್ಪುವುದು ಯಾವಾಗ? ಟರ್ಮಿನಲ್ಲಿನಿಂದ ಸಾದಾ ಟೆಕ್ಸ್ಟ್ ಫೈಲನ್ನು ನೇರವಾಗಿ ಪ್ರಿಂಟಿಗೆ ಕಳಿಸಿದರೆ ತಪ್ಪುತ್ತದೆ, ಯಾಕೆಂದರೆ ಆ ದಾರಿಯ ಫಿಲ್ಟರ್ ಒತ್ತಕ್ಷರ ಜೋಡಿಸುವ ಕೆಲಸ ಮಾಡುವುದಿಲ್ಲ. ಅದೇ ಬರಹವನ್ನು ಲಿಬ್ರೆಆಫೀಸಿನಲ್ಲಿ ತೆರೆದು ಕಳಿಸಿದರೆ ಸರಿಯಾಗಿ ಬರುತ್ತದೆ. ಕನ್ನಡ ಫಾಂಟೇ ಇಲ್ಲದ ಕಂಪ್ಯೂಟರಿನಲ್ಲಿ ಚೌಕಗಳು ಬರುತ್ತವೆ. ಉಬುಂಟುವಿನಲ್ಲಿ ಗುಬ್ಬಿ, ನವಿಲು, ಲೋಹಿತ್, ನೋಟೋ ಎಂಬ ಫಾಂಟುಗಳು ದುಡ್ಡಿಲ್ಲದೆ ಸಿಗುತ್ತವೆ. ಕರ್ನಾಟಕದಿಂದ ಬಂದ ಕೆಲವು ಹಳೆಯ ನುಡಿ ಫೈಲುಗಳದ್ದು ಬೇರೆ ಕಥೆ. ಅವುಗಳ ಒಳಗೆ ಇರುವುದು ಯುನಿಕೋಡ್ ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ತೊಡಿಸಿದ ಕನ್ನಡದ ಅಂಗಿ. ಆ ಫಾಂಟು ಇಲ್ಲದ ಕಡೆ ಅಂಗಿ ಕಳಚಿ, ಮೇಲೆ ಕೆಳಗೆ ಗೆರೆ ಚುಕ್ಕಿ ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅಂಥ ಫೈಲನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಇದು ಸಣ್ಣ ವಿಷಯವಲ್ಲ. ಉಪಜಿಲ್ಲಾ ಮಟ್ಟದ ವಿಜ್ಞಾನ ಮೇಳದ ಹಿಂದಿನ ದಿನ ಹತ್ತನೆಯ ತರಗತಿಯ ಒಬ್ಬಳು ತನ್ನ ಪ್ರಾಜೆಕ್ಟ್ ವರದಿಯನ್ನು ಪೆನ್‌ಡ್ರೈವಿನಲ್ಲಿ ಪೇಟೆಯ ಅಂಗಡಿಗೆ ತೆಗೆದುಕೊಂಡು ಹೋಗಿದ್ದಳು. ಒಯ್ದದ್ದು ಲಿಬ್ರೆಆಫೀಸಿನ ಫೈಲು. ಅಂಗಡಿಯವರು ಅದರ ಬರಹವನ್ನು ನಕಲು ಮಾಡಿ ತಮ್ಮ ಹಳೆಯ ಪುಟವಿನ್ಯಾಸದ ಸಾಫ್ಟ್‌ವೇರಿಗೆ ಅಂಟಿಸಿದರು. ಯುನಿಕೋಡ್ ಗೊತ್ತಿಲ್ಲದ ಸಾಫ್ಟ್‌ವೇರ್ ಅದು. ದ್ಯುತಿಸಂಶ್ಲೇಷಣೆ ಇದ್ದ ಕಡೆಯೆಲ್ಲ ಪ್ರಶ್ನೆಚಿಹ್ನೆಗಳ ಸಾಲು. "ಕನ್ನಡ ಇಲ್ಲಿ ಬರುವುದಿಲ್ಲ, ಇಂಗ್ಲಿಷಿನಲ್ಲಿ ಮಾಡಿಕೊಂಡು ಬಾ" ಎಂದರಂತೆ. ಅವಳು ಮನೆಗೆ ಹೋಗಿ ಹನ್ನೆರಡು ಪುಟಗಳನ್ನು ರಾತ್ರಿ ಕುಳಿತು ಕೈಯಲ್ಲಿ ಬರೆದಳು. ಬರಹ ಚೆನ್ನಾಗಿಯೇ ಇತ್ತು. ಆದರೆ ಉಳಿದವರು ತಮ್ಮ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡುತ್ತಿದ್ದ ಹೊತ್ತನ್ನು ಅವಳು ನಕಲು ಬರೆಯುವುದರಲ್ಲಿ ಕಳೆಯಬೇಕಾಯಿತು. ಇಂಗ್ಲಿಷಿನಲ್ಲಿ ಮಾಡಿಕೊಂಡು ಬಾ ಎಂಬ ಮಾತನ್ನು ಒಂದು ಸಲ ಕೇಳಿದವರಲ್ಲಿ ಎಷ್ಟೋ ಮಂದಿ ಮುಂದಿನ ಸಲ ಮೊದಲೇ ಇಂಗ್ಲಿಷಿನಲ್ಲಿ ಮಾಡಿಬಿಡುತ್ತಾರೆ.

ಪಿಡಿಎಫ್ ಒಯ್ದಿದ್ದರೆ ಆ ಅಂಗಡಿಯಲ್ಲೇ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಪಿಡಿಎಫ್ ಒಳಗೆ ಅಕ್ಷರಗಳು ಚೌಕಿಯಿಂದ ಹೊರಟ ವೇಷದಲ್ಲೇ ಇರುತ್ತವೆ, ಬೇಕಾದ ಫಾಂಟಿನ ತುಂಡುಗಳೂ ಒಳಗೇ ಇರುತ್ತವೆ. ಅಂಗಡಿಯ ಕಂಪ್ಯೂಟರಿಗೆ ಕನ್ನಡ ಗೊತ್ತಿರಬೇಕಾಗಿಲ್ಲ. ಹೊರಡುವ ಮೊದಲು ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಎಂಬ ಜಾಗ ನೋಡಿ. ಫಾಂಟಿನ ಹೆಸರಿನ ಹತ್ತಿರ 'ಎಂಬೆಡೆಡ್' ಎಂದು ಇದ್ದರೆ ಧೈರ್ಯವಾಗಿ ಹೋಗಬಹುದು. ಅಂಗಡಿಯವರಿಗೆ ಹೇಳುವುದು ಇಷ್ಟೇ: "ಅಣ್ಣ, ನಕಲು ಮಾಡಬೇಡಿ, ಇದನ್ನು ಹೀಗೆಯೇ ಪ್ರಿಂಟ್ ಕೊಡಿ."

ಇನ್ನು ಗಾತ್ರದ ವಿಷಯ. 12 ಪಾಯಿಂಟಿನ ಅಕ್ಷರ ಎಂದರೆ ಇಂಚಿನ ಆರನೇ ಒಂದು ಪಾಲು ಎತ್ತರ. 600 ಚುಕ್ಕಿಯ ಪ್ರಿಂಟರಿನಲ್ಲಿ ಅದಕ್ಕೆ 100 ಚುಕ್ಕಿಯ ಎತ್ತರ ಸಿಗುತ್ತದೆ. ಕಾಗದ ಉಳಿಸಲು 8 ಪಾಯಿಂಟ್ ಮಾಡಿ, ಶಾಯಿ ಉಳಿಸಲು 300 ಚುಕ್ಕಿಗೆ ಇಳಿಸಿದರೆ ಸಿಗುವುದು ಬರೀ 33. ಒತ್ತಕ್ಷರಕ್ಕೆ ಅದರ ಅರ್ಧ ಎಂದಿಟ್ಟುಕೊಂಡರೂ 16 ಚುಕ್ಕಿಯೊಳಗೆ 'ಷ್ಟ್ರ'ದ ಎರಡು ಒತ್ತುಗಳು ತುರುಕಿಕೊಳ್ಳಬೇಕು. ಕಪ್ಪು ಮಸಿಯ ಬೊಟ್ಟಾಗುತ್ತದೆ. ಇಂಗ್ಲಿಷಿಗೆ ಒತ್ತು ಇಲ್ಲ, ಅದು ತಪ್ಪಿಸಿಕೊಳ್ಳುತ್ತದೆ. ಕನ್ನಡ ಪ್ರಶ್ನೆಪತ್ರಿಕೆಯನ್ನು ಇಂಗ್ಲಿಷ್ ಪ್ರಶ್ನೆಪತ್ರಿಕೆಯಷ್ಟೇ ಪುಟಗಳಲ್ಲಿ ಮುಗಿಸಬೇಕೆಂದು ಹಟ ಮಾಡಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಿಮ್ಮ ಲ್ಯಾಬಿಗೆ ನಿಮ್ಮದೇ ಒಂದು ಪರೀಕ್ಷಾ ಪುಟ ಮಾಡಿಕೊಳ್ಳಿ. ಕಪ್ಸಿನ ಪುಟದಲ್ಲಿ ಕನ್ನಡ ಇಲ್ಲ. ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಜ್ಞಾನ, ಅರ್ಘ್ಯ, ವಾಙ್ಮಯ, ದ್ಯುತಿಸಂಶ್ಲೇಷಣೆ ಎಂದು ಬರೆಯಿರಿ. ಅದನ್ನೇ 8, 10, 12 ಪಾಯಿಂಟುಗಳಲ್ಲಿ ಮೂರು ಸಲ ಇಡಿ. ಕೆಳಗೆ ಫಾಂಟಿನ ಹೆಸರು, ಪ್ರಿಂಟರಿನ ಹೆಸರು, ತಾರೀಕು. ಪಿಡಿಎಫ್ ಆಗಿ ಉಳಿಸಿ, ಒಂದು ಪ್ರತಿ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿ. ಮುಂದಿನ ಸಲ ಯಾರಾದರೂ "ಇದರಲ್ಲಿ ಕನ್ನಡ ಬರುವುದಿಲ್ಲ" ಎಂದರೆ ಆ ಪಿಡಿಎಫನ್ನೇ ಮತ್ತೆ ಪ್ರಿಂಟ್ ಕೊಟ್ಟು, ಗೋಡೆಯ ಹಾಳೆಯ ಪಕ್ಕದಲ್ಲಿ ಹಿಡಿದು ತೋರಿಸಿ.